ನಾಲ್ಕು ಫ್ರಾಕು, ಒಂದು ಕೋಟು

ಮೇ 19, 2025

ಇವತ್ತೂ ನಾನೇ ಗೊಂಬೆ. ಹನ್ನೊಂದು ಗಂಟೆಗೆ ‘ವಿಂಟರ್ ಡ್ರೆಸ್ಸಿಂಗ್ ಸೆಷನ್’. ಪಣಜಿಯಲ್ಲಿ, ಮೇ ತಿಂಗಳಲ್ಲಿ! ಲಂಡನ್ನಿಗೆ ಓದಲು ಹೊರಟ ಹದಿನಾಲ್ಕು ಜನ ಕುರ್ಚಿಯಲ್ಲಿ. ಎದುರಿಗೆ ನಾನು, ಆಫೀಸ್ ಅಸಿಸ್ಟೆಂಟ್ ಜಯಶ್ರೀ. ನಮ್ಮ ಕನ್ಸಲ್ಟೆನ್ಸಿಯ ಮ್ಯಾಡಮ್ ಒಂದೊಂದನ್ನೇ ಎತ್ತಿ ತೋರಿಸಿ ನನ್ನ ಮೈಮೇಲೆ ಹೇರುತ್ತಾರೆ. ಮೊದಲು ಥರ್ಮಲ್. ಮೇಲೆ ಸ್ವೆಟರು. ಅದರ ಮೇಲೆ ಒಂಟೆ ಬಣ್ಣದ ಉದ್ದ ಕೋಟು. ಕೊನೆಗೆ ಸ್ಕಾರ್ಫು. ಕೋಟು ಮ್ಯಾಡಮ್ ಲಂಡನ್ನಿಗೆ ಹೋದಾಗ ತಂದದ್ದು. ಆರು ದಿನದ ಟೂರು, ಆರು ವರ್ಷದಿಂದ ಅದೇ ಮಾತು.

ಇದಕ್ಕೆ ‘ಲೇಯರಿಂಗ್’ ಅನ್ನಬೇಕಂತೆ. ಚಳಿಗೆ ಒಂದರ ಮೇಲೊಂದು ಹಾಕಿಕೊಳ್ಳುವುದಕ್ಕೂ ಒಂದು ಹೆಸರು, ಅದಕ್ಕೊಂದು ಕ್ಲಾಸು, ಕೊನೆಯಲ್ಲಿ ಒಂದು ಸರ್ಟಿಫಿಕೇಟು.

ಅನೀಸ ಅಂತ ಒಬ್ಬಳು ಕೈ ಎತ್ತಿದಳು. ಈ ಬಣ್ಣದ ಕೋಟಿಗೆ ಕಪ್ಪು ಬೂಟು ನಡೆಯುತ್ತದಾ, ಕಂದು ಬಣ್ಣದ್ದೇ ಬೇಕಾ? ಇಪ್ಪತ್ತು ನಿಮಿಷ ಚರ್ಚೆ. ಅಲ್ಲಿ ಏನು ಓದುತ್ತೇವೆ ಅಂತ ಒಬ್ಬರ ಬಾಯಿಂದಲೂ ಬರಲಿಲ್ಲ. ನನ್ನ ಬೆನ್ನ ಮೇಲೆ ಬೆವರು ಹರಿದು ಸೊಂಟಕ್ಕೆ ಬಂದಿತ್ತು. ನಗುತ್ತಾ ನಿಂತಿದ್ದೆ. ಗೊಂಬೆ ನಗಬೇಕು.

ನನ್ನ ಡ್ರಾಯರಿನಲ್ಲಿ ನನ್ನದೂ ಒಂದು ಆಫರ್ ಲೆಟರ್ ಇದೆ. ಅದೇ ಲಂಡನ್. ಫುಲ್ ಸ್ಕಾಲರ್‌ಶಿಪ್. ಇವರ ಅರ್ಜಿಗಳನ್ನು ತುಂಬುತ್ತಾ ತುಂಬುತ್ತಾ ನನ್ನದೂ ಒಂದು ತುಂಬಿದೆ, ಅಷ್ಟೇ. ಹುಟ್ಟಿದ ಊರು: ವಾಸ್ಕೋ. ಬಾಯ್ನಾ ಅಂತ ಬರೆಯುವುದಿಲ್ಲ. ಆ ಹೆಸರೆತ್ತಿದರೆ ಗಂಡಸರ ಮುಖದ ಮೇಲೆ ಒಂದು ನಗು ಬರುತ್ತದೆ. ಹೆಂಗಸರು ಮಾತು ಬದಲಿಸುತ್ತಾರೆ. ಸೂಳೆಗೇರಿ ಅಂತ ಹೆಸರಾದ ಆ ಬೀಚಿನಲ್ಲಿ ಕೂಲಿಯವರೂ ಮೀನುಗಾರರೂ ಸಂಸಾರ ಮಾಡಿಕೊಂಡಿದ್ದರು ಅನ್ನುವುದು ಯಾರಿಗೂ ಬೇಕಿಲ್ಲ.

ಮೇ 20

ಅವ್ವನಿಗೆ ಹೇಳಿಲ್ಲ. ಮನೆ ಬಿಡುವ ಮಾತು ಬಂದರೆ ಅವ್ವ ಊಟ ಬಿಡುತ್ತಾಳೆ. ಹೋದ ವರ್ಷ ಮಾಲಕ ಪಕ್ಕದ ಖೋಲಿಗೆ ಹೋಗಿ ಅಂದಿದ್ದಕ್ಕೇ ಮೂರು ದಿನ ಬರೀ ಚಹಾ. ಪಕ್ಕದ ಖೋಲಿ! ಎಂಟು ಹೆಜ್ಜೆ!

ಬಾಗಿಲ ಹಿಂದೆ ಆ ದರಿದ್ರ ಗಂಟು ಇನ್ನೂ ಇದೆ. ಸರಕಾರ ಬಾಯ್ನಾದ ಮನೆ ಒಡೆದು ಇಪ್ಪತ್ತೊಂದು ವರ್ಷ ಆಯಿತು. ಗುಡ್ಡದ ಮೇಲಿನ ಈ ಬಾಡಿಗೆ ಖೋಲಿಗೆ ಬಂದ ಮೇಲೂ ನಮ್ಮವ್ವ ಹುಲಿಗೆಮ್ಮನವರು ಅದನ್ನು ಬಿಚ್ಚಿಲ್ಲ. ಯಾರಾದರೂ ಬಂದಾಗ ನಾನು ಅದರ ಮೇಲೆ ಟವೆಲ್ ಹೊದಿಸುತ್ತೇನೆ. ಹೇಸಿಗೆ ಅನಿಸುತ್ತದೆ.

ಜೂನ್ 11

ಸೆಷನ್ ನಡುವೆ ಎಸಿ ಕೆಟ್ಟಿತು. ಕೋಟು, ಸ್ವೆಟರು, ಸ್ಕಾರ್ಫು ಎಲ್ಲ ಮೈಮೇಲೆ. ತಲೆ ಸುತ್ತಿತು. ಹೇಳದೆ ಕೇಳದೆ ಕಿತ್ತು ಕುರ್ಚಿಯ ಮೇಲೆ ಒಗೆದೆ. ಮ್ಯಾಡಮ್ ಕಣ್ಣು ಬಿಟ್ಟರು. ಆಮೇಲೆ ಕ್ಯಾಬಿನ್ನಿಗೆ ಕರೆದು ‘ಪ್ರೊಫೆಷನಲ್’ ಅನ್ನುವ ಪದವನ್ನು ಒಂಬತ್ತು ಸಲ ಹೇಳಿದರು. ಎಣಿಸಿದೆ.

ನನಗೆ ಮೊದಲಿಂದಲೂ ದಪ್ಪ ಬಟ್ಟೆ ಆಗುವುದಿಲ್ಲ. ನೆನಪಿರುವ ಮೊಟ್ಟಮೊದಲ ಸಂಗತಿಯೇ ಅದು. ನಾಲ್ಕು ವರ್ಷದವಳು. ಸೆಕೆ. ಮೈತುಂಬ ಬಟ್ಟೆ. ತೆಗೆಯಲು ಹೋದರೆ ಅವ್ವ ಕೆನ್ನೆಗೆ ಬಿಟ್ಟಳು. ಸುತ್ತ ಜನ, ಧೂಳು, ದೊಡ್ಡ ಸದ್ದು. ಮನೆ ಒಡೆದ ದಿನ ಅಂತ ಆಮೇಲೆ ತಿಳಿಯಿತು. ಮನೆ ಹೋದ ಸಿಟ್ಟನ್ನು ಮಗುವಿನ ಮೇಲೆ ತೀರಿಸಿಕೊಂಡಳು. ಇಂಥವರ ಸಿಟ್ಟಿಗೆ ಮತ್ಯಾರು ಸಿಗುತ್ತಾರೆ?

ಜುಲೈ 4

ಮ್ಯಾಡಮ್‌ಗೆ ಹೇಳಲೇಬೇಕಾಯಿತು. ವೀಸಾಕ್ಕೆ ಅವರ ಪತ್ರ ಬೇಕು.

“ಯು?” ಅಂದರು. ಆಮೇಲೆ “ಯು?” ಆಮೇಲೆ ಕಾಗದ ಓದಿ, ಕನ್ನಡಕ ತೆಗೆದು, ಮತ್ತೊಮ್ಮೆ “ಯು?” ಕೊನೆಗೆ ಪಾಪ, ಭಾರೀ ಕಾಳಜಿಯಿಂದ: “ಬಟ್ ಜಯಾ, ವಾಟ್ ವಿಲ್ ಯು ವೇರ್ ದೇರ್?”

ಅಲ್ಲಿ ಏನು ಹಾಕಿಕೊಳ್ಳುತ್ತೀ? ನನ್ನನ್ನು ಕೇಳುತ್ತಾಳೆ! ಎರಡು ವರ್ಷದಿಂದ ಈಕೆಯ ಕೋಟನ್ನು ವಾರವಾರ ಹಾಕಿ ತೋರಿಸುವವಳನ್ನು!

ಪತ್ರ ಕೊಟ್ಟರು. ಹೆಸರಿನ ಸ್ಪೆಲಿಂಗ್ ತಪ್ಪಿತ್ತು. ನಾನೇ ಮತ್ತೆ ಟೈಪ್ ಮಾಡಿ ಸಹಿ ಹಾಕಿಸಿಕೊಂಡೆ.

ಆಗಸ್ಟ್ 12

ವೀಸಾ ಬಂತು. ಬಸ್ಸಿನಲ್ಲಿ ಮೂರು ಸಲ ತೆಗೆದು ನೋಡಿದೆ. ಕುಣಿಯಬೇಕು ಅನಿಸಿತು. ಪಕ್ಕದವಳ ಮೀನಿನ ಬುಟ್ಟಿ ಕಾಲ ಮೇಲೆ ಇತ್ತು, ಕುಣಿಯಲು ಜಾಗವಿರಲಿಲ್ಲ.

ನಾಳೆ ಅವ್ವನಿಗೆ ಹೇಳಬೇಕು. ಅವಳು ಊಟ ಬಿಟ್ಟು ಕೂತರೆ ನಾನು ಹೋಗಲಾರೆ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ಆಗಸ್ಟ್ 13, ಸಂಜೆ

ಹೇಳಿದೆ. ಅವ್ವ ಮೀನು ಹೆಚ್ಚುತ್ತಿದ್ದಳು. ಕೈ ನಿಲ್ಲಲಿಲ್ಲ.

“ಎಷ್ಟು ದಿನ?”

“ಒಂದು ವರ್ಷ.”

“ಅಲ್ಲೆ ಚಳಿ ಭಾಳೇನು?”

“ಭಾಳ.”

“ಎಷ್ಟು ಸಾಮಾನು ಒಯ್ಯಾಕ ಬಿಡ್ತಾರ?”

“ಇಪ್ಪತ್ತಮೂರು ಕಿಲೋ.”

“ಮೈಮ್ಯಾಲಿಂದು ತೂಗ್ತಾರೇನು?”

“ಮೈಮ್ಯಾಲಿಂದಾ? ಇಲ್ಲ...”

“ಹಂಗಾದ್ರ ಆತು ಬಿಡು.”

ಅಷ್ಟೇ. ಕೈ ತೊಳೆದು ಬಂದು ಬಾಗಿಲ ಹಿಂದಿನ ಗಂಟನ್ನು ಎಳೆದಳು. ಓ, ಶುರುವಾಯಿತು ನಾಟಕ ಅಂದುಕೊಂಡೆ. ಬಿಚ್ಚಿದಳು. ಮೂರು ಸೀರೆ. ನಾಲ್ಕು ಫ್ರಾಕು. ಒಂದು ಕೆಂಪು, ಒಂದು ಹಳದಿ, ಎರಡು ಹೂವಿನದು. ನನ್ನ ತೋಳಿನಷ್ಟೂ ಉದ್ದ ಇಲ್ಲ.

ಬಾಯಿ ತಡೆಯಲಿಲ್ಲ. “ಮನಿ ಒಡದ ದಿನ ನನಗ ಯಾಕ ಹೊಡದಿ?”

“ನಿನಗ ನೆನಪೈತೇನವ್ವಾ?”

“ಬರೇ ಸೆಕಿ ನೆನಪೈತಿ. ಮತ್ತ ಆ ಏಟು.”

ಅವ್ವ ಫ್ರಾಕುಗಳನ್ನು ಮಡಚುತ್ತಾ ಹೇಳಿದಳು. “ಜೆಸಿಬಿ ನಮ್ಮ ಸಾಲಿಗೆ ಬಂದಿತ್ತು. ಒಳಗ ಹೋಗಿ ಬರಾಕ ಒಂದ ಸಲ ಬಿಟ್ರು. ನಿಮ್ಮಪ್ಪ ಬಂದರದಾಗ ಇದ್ದ. ಒಂದು ಕೈಯಾಗ ನೀ, ಒಂದು ಕೈಯಾಗ ಅಡಗಿ ಭಾಂಡೆ. ಇನ್ನೇನು ಹಿಡೀಲಿ? ನಿನ್ನ ಫ್ರಾಕು ನಾಕೂ ನಿನಗ ಹಾಕಿದೆ. ನನ್ನ ಸೀರಿ ಮೂರೂ ಉಟಗೊಂಡೆ. ಹೊರಗ ಬಂದಕೂಡ್ಲೆ ನೀ ಸೆಕಿ ಸೆಕಿ ಅಂತ ಕಿತ್ತು ಒಗ್ಯಾಕತ್ತಿದಿ. ಒಗದಿದ್ರ ಮಣ್ಣಾಗ ಹೋಗತಿದ್ದುವು. ಅದಕ್ಕ ಹೊಡದೆ.”

ನಾನು ಕೆಂಪು ಫ್ರಾಕನ್ನು ಕೈಗೆತ್ತಿಕೊಂಡೆ.

“ಅವತ್ತು ಮೈಮ್ಯಾಲ ಎಷ್ಟಿತ್ತೋ ಅಷ್ಟ ನಮ್ಮ ಮನಿ. ಅವತ್ತು ನಮ್ಮನ್ನ ಹೊರಗ ಹಾಕಿದ್ರು, ನೀ ನಿನ್ನ ಕಾಲಿಲೆ ಹೊಂಟಿ” ಅಂದು ಮೀನಿಗೆ ಖಾರ ಹಚ್ಚಲು ಎದ್ದಳು.

ಅವ್ವ ಇವತ್ತು ಉಂಡಳು. ಎರಡು ಸಲ ಅನ್ನ ಹಾಕಿಸಿಕೊಂಡಳು. ನನಗೇ ಇಳಿಯಲಿಲ್ಲ. ಇಷ್ಟು ವರ್ಷ ಆ ಒಂದು ಏಟನ್ನು ಎದೆಯಲ್ಲಿಟ್ಟುಕೊಂಡು ಅವಳನ್ನು ಕೀಳಾಗಿ ನೋಡಿದೆ. ಒಂದು ಸಲ, ಒಂದೇ ಒಂದು ಸಲ ಕೇಳಲಿಲ್ಲ. ನಾಚಿಕೆ ಆಗುತ್ತಿದೆ. ಬರೆದಿಡುತ್ತೇನೆ: ನಾಚಿಕೆ.

ಸೆಪ್ಟೆಂಬರ್ 3

ಸುದ್ದಿ ಓಣಿಗೆಲ್ಲ ಗೊತ್ತಾಯಿತು. ಸಲಹೆಯ ಮಳೆ. ಯೂಟ್ಯೂಬಿನಲ್ಲಿ ಒಬ್ಬಳು ಮಹಾತಾಯಿ ಲಂಡನ್ನಿನಲ್ಲಿ ಟೂರಿಸ್ಟಿನ ಹಾಗೆ ಕಾಣದಿರಲು ಹತ್ತು ಡ್ರೆಸ್ ತೋರಿಸುತ್ತಾಳೆ. ಹತ್ತೂ ಮಣ್ಣಿನ ಬಣ್ಣ. ಅದಕ್ಕೆ ಎಂಟು ಲಕ್ಷ ಜನ ಲೈಕು.

ಅದಕ್ಕಿಂತ ನಮ್ಮ ಗಂಗೀಬಾಯಿಯೇ ವಾಸಿ. ಪಕ್ಕದ ಖೋಲಿಯವಳು. ಬೀಚಿನಲ್ಲಿ ಮಣಿಸರ, ಶಾಲು ಮಾರುತ್ತಾಳೆ. ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ತೀರ್ಪು ಕೊಟ್ಟಳು.

“ಇಪ್ಪತ್ತು ವರ್ಷ ಆತು ಫಾರಿನ್ ಮಂದೀನ್ನ ನೋಡಾಕತ್ತು. ಅವರು ಬಟ್ಟೀನ ಹಾಕೂದಿಲ್ಲವ್ವಾ! ಒಂದು ಚಡ್ಡಿ, ಮ್ಯಾಲೊಂದು ಪಟ್ಟಿ. ನೀ ಸುಮ್ನ ಯಾಕ ಹೊರಿ ಹೊರ್ತಿ?”

“ಅಲ್ಲೆ ಚಳಿ ಇರ್ತೈತಿ ಕಾಕೂ.”

“ಚಳಿ ಇದ್ರ ಅವರು ಹಂಗ ತಿರುಗ್ತಿದ್ರೇನು? ಖರೇ ಹೇಳು.”

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ. ಎಷ್ಟೋ ದಿನದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕಿದ್ದು.

ಸೆಪ್ಟೆಂಬರ್ 9

ಆಫೀಸಿನಲ್ಲಿ ಕೊನೆಯ ದಿನ. ಮ್ಯಾಡಮ್ ಈಗ ಸಕ್ಕರೆ. ಫುಲ್ ಸ್ಕಾಲರ್‌ಶಿಪ್ ಅಂದರೆ ಏನು ಅಂತ ಈಗ ಹೊಳೆದಿದೆ. ಬೋರ್ಡಿನ ಕೆಳಗೆ ನಿಲ್ಲಿಸಿ, ಕೋಟು ತೊಡಿಸಿ, ಹೆಗಲ ಮೇಲೆ ಕೈ ಹಾಕಿ ಫೋಟೋ. ಹತ್ತು ನಿಮಿಷದಲ್ಲಿ ಇನ್‌ಸ್ಟಾದಲ್ಲಿ. ‘ನಮ್ಮದೇ ಹುಡುಗಿ, ಹಂಬಲ್ ಬ್ಯಾಕ್‌ಗ್ರೌಂಡ್‌ನಿಂದ’. ಜುಲೈ ನಾಲ್ಕರ ಮೂರು “ಯು”ಗಳು ಎಲ್ಲಿ ಹೋದವೋ.

ಕೋಟು ನನಗೇ ಗಿಫ್ಟು. ಕಂಕುಳಲ್ಲಿ ಉಪ್ಪಿನ ಕಲೆ. ನನ್ನದೇ ಬೆವರು. ಬೇರೆ ಯಾರಿಗೆ ಕೊಡಲು ಬರುತ್ತದೆ ಅದನ್ನು? ಮುಖದ ಮೇಲೆ ಒಗೆದು ಬರಬೇಕಿತ್ತು. ತೆಗೆದುಕೊಂಡೆ. ಥ್ಯಾಂಕ್ಯೂ ಕೂಡ ಹೇಳಿದೆ. ಥೂ ನನ್ನ!

ಸೆಪ್ಟೆಂಬರ್ 16

ಸೂಟ್‌ಕೇಸ್ ತುಂಬಿದ್ದಾಯಿತು. ತಕ್ಕಡಿ ತರುತ್ತೇನೆ ಅಂದೆ. ಅಪ್ಪ ಎದ್ದ. ಇಪ್ಪತ್ತೆಂಟು ವರ್ಷ ಬಂದರದಲ್ಲಿ ಹಮಾಲಿ ಮಾಡಿದ ಅಮೀನಪ್ಪ, ಈಗ ಸೊಂಟ ನೋವು. ಒಂದೇ ಕೈಯಲ್ಲಿ ನೆಲದಿಂದ ಗೇಣು ಎತ್ತಿದ. ಇಟ್ಟ.

“ಇಪ್ಪತ್ತಾರು. ಮೂರು ತಗಿ.”

ಅಪ್ಪಾ, ಇದು ಸಿಮೆಂಟ್ ಚೀಲ ಅಲ್ಲ ಅಂದೆ. ಅವ್ವ ಆಗಲೇ ಕೋಟು, ಸ್ವೆಟರು, ಜೀನ್ಸು, ಎರಡು ಕುರ್ತಾ ತೆಗೆದು ಬದಿಗಿಟ್ಟಿದ್ದಳು. ಅಪ್ಪ ಮತ್ತೆ ಎತ್ತಿದ. “ಈಗ ಇಪ್ಪತ್ತಮೂರಕ್ಕ ಒಂದೀಟು ಕಮ್ಮಿ.”

ತೆಗೆದದ್ದನ್ನು ನಾಳೆ ನಾನು ತೊಡಬೇಕು. ಕೋಟೂ ಸೇರಿ. ಆಗುವುದಿಲ್ಲ ಅಂದೆ. ಅನೀಸ ಅದೇ ಫ್ಲೈಟಿನಲ್ಲಿ ಇದ್ದಾಳೆ, ನಗುತ್ತಾಳೆ ಅಂದೆ. ಅವ್ವ ಅಂದಳು, “ನಗಲಿ. ಅಕಿ ನಿನಗ ಅಲ್ಲೆ ಹೊದ್ಯಾಕ ಕೊಡ್ತಾಳೇನು?”

ಸೆಪ್ಟೆಂಬರ್ 17, ಮಧ್ಯಾಹ್ನ 2:40, ಏರ್‌ಪೋರ್ಟ್

ಒಳಗೆ ಬಂದೆ. ಕೌಂಟರಿನ ಕಾಟಾದಲ್ಲಿ 22.9. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. “ಹೂಂ” ಅಂದ. ಗೊತ್ತಿದ್ದದ್ದನ್ನೇ ಹೇಳಿದ ಹಾಗೆ.

ಬೆಳಿಗ್ಗೆ ಅವ್ವ ನಿಲ್ಲಿಸಿ ತೊಡಿಸಿದಳು. ಜೀನ್ಸು, ಕುರ್ತಾ, ಅದರ ಮೇಲೆ ಕುರ್ತಾ, ಸ್ವೆಟರು, ಕೋಟು. ಇಲ್ಲಿ ಏರ್‌ಪೋರ್ಟಿನ ಬಾಗಿಲ ಹೊರಗೆ, ಪೊಲೀಸನ ಎದುರಿಗೆ, ಕೊನೆಯ ಗುಂಡಿ ಹಾಕಿದಳು. “ಸೀಟಿನಾಗ ಕುಂತ ಮ್ಯಾಲ ತಗಿ. ಅಲ್ಲೀತನಕ ಯಾರರೆ ನಕ್ಕರೂ ತಗೀಬ್ಯಾಡ.” ಕೆನ್ನೆ ಮುಟ್ಟಿದಳು. ಅದೇ ಕೆನ್ನೆಯೋ ಏನೋ, ಗೊತ್ತಿಲ್ಲ. ಅತ್ತೆ. ಇಬ್ಬರೂ ಅತ್ತೆವು.

ಚೆಕಿಂಗಿನಲ್ಲಿ ಕೋಟು, ಸ್ವೆಟರು ತೆಗೆಸಿದರು. ಚೆಕ್ ಮಾಡುವ ಹೆಂಗಸು ಹಿಂದಿಯಲ್ಲಿ, ಇನ್ನೂ ಎಷ್ಟಿದೆ ಒಳಗೆ ಅಂದಳು. ಹಿಂದಿದ್ದವರು ನಕ್ಕರು. ತೆಗೆದದ್ದನ್ನೆಲ್ಲ ಬೆಂಚಿನ ಹತ್ತಿರ ನಿಂತು ಮತ್ತೆ ತೊಟ್ಟುಕೊಂಡೆ. ಅವ್ವ ತೊಡಿಸಿದ ಕ್ರಮದಲ್ಲೇ. ಗುಂಡಿ ಕೂಡ.

ಅನೀಸ ಆಚೆ ಕೂತಿದ್ದಾಳೆ. ಟಿ-ಶರ್ಟು. ಬೂಟು ಕಂದೇ ತಂದಿದ್ದಾಳೆ. ನನ್ನನ್ನು ನೋಡಿದಳು. ಕೋಟಿನ ಗುರುತು ಸಿಕ್ಕಿತು. ಬಾಯಿಗೆ ಕೈ ಹಿಡಿದು ನಗುತ್ತಾ ಎದ್ದು ಇತ್ತಲೇ ಬರುತ್ತಿದ್ದಾಳೆ. ಈ ಸೆಕೆಯಲ್ಲಿ ಇಷ್ಟೆಲ್ಲ ಯಾಕೆ ಅಂತ ಕೇಳುತ್ತಾಳೆ. ಲಗೇಜು ಜಾಸ್ತಿ ಆಯಿತು ಅನ್ನಬಹುದು. ಮುಗಿಯಿತು.

ಇಲ್ಲ. ಹೇಳುತ್ತೇನೆ. ಮೊದಲಿಂದಲೇ ಹೇಳುತ್ತೇನೆ. ನಾನು ವಾಸ್ಕೋದವಳಲ್ಲ, ಬಾಯ್ನಾದವಳು. ಅಲ್ಲಿ ನಮ್ಮದೊಂದು ಮನೆ ಇತ್ತು. ಜೂನ್ ತಿಂಗಳು, ನನಗೆ ನಾಲ್ಕು ವರ್ಷ, ಅವ್ವ ನನಗೆ ಒಂದರ ಮೇಲೊಂದು —