ಬಲಗಡೆಗೆ ಬಂದ ಸ್ಟೀರಿಂಗು

ಮಧುಗಿರಿ
12-10-2025

ನನ್ನ ಲೋಹಿತಾ,

ಕಾಗದ ಕಂಡು ಗಾಬರಿ ಬೀಳಬೇಡ. ಯಾರಿಗೂ ಏನೂ ಆಗಿಲ್ಲ, ನಾನು ಗಟ್ಟಿಮುಟ್ಟಾಗಿದ್ದೀನಿ. ಶ್ರಾವಣದಿಂದ ಈಚೆಗೆ ನೀನು ಫೋನು ಮಾಡಿದಾಗೆಲ್ಲ "ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತಿದ್ದೆ. ಬೇಜಾರು ಮಾಡಿಕೊಂಡಿರ್ತೀಯ. ಕೈ ತುಂಬ ಅಂಟು, ಸಂದಿ ಮುಚ್ಚುವ ಪುಟ್ಟಿ ಮೆತ್ತಿಕೊಂಡಿರುತ್ತಿತ್ತು ಕಣಮ್ಮ, ಫೋನು ಹಿಡಿಯೋಕೂ ಆಗುತ್ತಿರಲಿಲ್ಲ. ಇನ್ನೊಂದು ವಿಷಯ. ನಿಮ್ಮ ಮನೆಯಲ್ಲಿ ಫೋನು ಬಂತು ಅಂದರೆ ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಡುವ ಅಭ್ಯಾಸ. ನಿಮ್ಮತ್ತೆ ಚನ್ನಮಲ್ಲಮ್ಮನವರು ಒಳ್ಳೆಯವರೇ, ನನ್ನ ಮಂಡಿನೋವು ವಿಚಾರಿಸದೆ ಒಂದು ದಿನವೂ ಮಾತು ಮುಗಿಸಿದವರಲ್ಲ. ಆದರೂ ಕೆಲವು ಮಾತು ಮೊದಲು ಮಗಳ ಕಿವಿಗೆ ಮಾತ್ರ ಬೀಳಬೇಕು. ಅದಕ್ಕೇ ಕಾಗದ.

ಆಯುಧಪೂಜೆ ದಿನ ನಿಮ್ಮಮ್ಮ ಸರ್ವಮಂಗಳಾ, ಲಾರಿ ಸಂಘದ ಆಫೀಸಿನಲ್ಲಿ ಗಲಾಟೆ ಮಾಡಿದಳು ಅಂತ ನಿಮ್ಮ ಕೊರಟಗೆರೆವರೆಗೂ ಸುದ್ದಿ ಬಂದಿರಬೇಕು. ಗಲಾಟೆ ಮಾಡಲಿಲ್ಲ. ನನ್ನದು ನಾನು ತಗೊಂಡು ಬಂದೆ, ಅಷ್ಟೇ. ಊರವರ ಬಾಯಲ್ಲಿ ಕೇಳೋದಕ್ಕಿಂತ ನನ್ನಿಂದಲೇ ತಿಳಕೋ.

ಶ್ರಾವಣದಲ್ಲಿ ಒಂದಿನ ಸಂಘದ ಅಧ್ಯಕ್ಷರು ನಂದೀಶ್ವರಯ್ಯನವರು ಒಂದು ದೊಡ್ಡ ಡಬ್ಬ ಹಿಡಕೊಂಡು ಮನೆಗೆ ಬಂದರು. ಸಂಘಕ್ಕೆ ಹೊಸ ಕಟ್ಟಡ ಆಗಿದೆಯಲ್ಲ, ಅದರ ಬಾಗಿಲಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಹಳೇ ಟ್ರೈಲರ್ ಲಾರಿಯ ಮಾದರಿ ಇಡಬೇಕು ಅಂತ ತೀರ್ಮಾನವಾಯಿತಂತೆ. ಪಾವಗಡದ ಸೋಲಾರ್ ಪಾರ್ಕಿಗೆ ಮೊದಲ ದೊಡ್ಡ ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಹೋದ ಲಾರಿ, ನಿಮ್ಮಪ್ಪ ಸಂಘ ಕಟ್ಟಿದವರಲ್ಲಿ ಒಬ್ಬರು, ಅವರ ನೆನಪೂ ಉಳಿಯುತ್ತದೆ ಅಂದರು. ಅವರು ಹೋಗಿ ಎರಡು ವರ್ಷವಾದ ಮೇಲೂ ನೆನೆಸಿಕೊಳ್ಳುವವರು ಇದ್ದಾರಲ್ಲ ಅನ್ನಿಸಿ ಕಾಫಿ ಮಾಡಿ ಕೊಟ್ಟೆ.

ಡಬ್ಬ ಬಿಚ್ಚಿ ನೋಡಿದರೆ ಒಳಗೆ ಪ್ಲಾಸ್ಟಿಕ್ಕಿನ ಬಿಡಿಭಾಗಗಳು. ಬೆಂಗಳೂರಿನ ಅಂಗಡಿಯಿಂದ ತರಿಸಿದ್ದಂತೆ. ಮುಚ್ಚಳದ ಮೇಲೆ ಅಮೆರಿಕದ ಲಾರಿಯ ಚಿತ್ರ. ಕುದುರೆ ಹಾಗೆ ಉದ್ದ ಮೂತಿ, ಕ್ಯಾಬಿನ್ನಿನ ಎರಡೂ ಪಕ್ಕ ಮೇಲಕ್ಕೆದ್ದ ಹೊಗೆ ಕೊಳವೆ, ಹಿಂದೆ ಮಲಗೋಕೆ ಒಂದು ಕೋಣೆ. ಶಿರಾದ ಹಬೀಬ್ ಸಾಬರ ಕೈಲಿ ಇದನ್ನು ಜೋಡಿಸಿಕೊಂಡು, ನಿಮ್ಮ ಲಾರಿ ನಂಬರು ಬರೆಸಿಬುಡು ಅಂದರು.

ಇದು ನಮ್ಮ ಲಾರಿಯಲ್ಲ ಅಂದೆ.

"ಲಾರಿ ಅಂದ್ರೆ ಲಾರಿ ಕಣಮ್ಮ. ನೋಡೋರಿಗೆ ಏನು ಗೊತ್ತಾಯ್ತದೆ?" ಅಂದರು.

"ನಂಗೆ ಗೊತ್ತಾಯ್ತದಲ್ಲ" ಅಂದೆ.

ನಕ್ಕು, ಏನಾದ್ರೂ ಮಾಡ್ಕೋ ಅಂತ ಎದ್ದು ಹೋದರು. ಮಾರನೇ ದಿನ ಡಬ್ಬ ಮಡಿಲಲ್ಲಿ ಇಟ್ಟುಕೊಂಡು ಶಿರಾ ಬಸ್ಸು ಹತ್ತಿದೆ.

ಹಬೀಬ್ ಸಾಬರನ್ನು ನೀನು ಚಿಕ್ಕವಳಿದ್ದಾಗ ನೋಡಿದ್ದು, ನೆನಪಿದೆಯೋ ಇಲ್ಲವೋ. ನಮ್ಮ ಲಾರಿಗೆ ಕ್ಯಾಬಿನ್ ಕಟ್ಟಿದವರು ಅವರೇ. ಆಗ ಎಂಜಿನ್ನು, ಚಾಸಿ, ಚಕ್ರ ಅಷ್ಟೇ ಬರುತ್ತಿತ್ತು. ಮರ, ತಗಡು, ಬಾಗಿಲು, ಸೀಟು ಎಲ್ಲ ಅವರ ಶೆಡ್ಡಿನಲ್ಲೇ ಆಗಬೇಕಿತ್ತು. ಈಗ ಕ್ಯಾಬಿನ್ನು ಕಂಪನಿಯಿಂದಲೇ ತಯಾರಾಗಿ ಬರುತ್ತದೆ, ಶೆಡ್ಡಿನಲ್ಲಿ ರಿಪೇರಿ ಬಿಟ್ಟರೆ ಕೆಲಸವಿಲ್ಲ. ಡಬ್ಬ ನೋಡಿ ಅವರು ಕಣ್ಣರಳಿಸಿದರು. ಆಮೇಲೆ ನಡುಗುವ ಕೈ ತೋರಿಸಿದರು. "ಬೇಟಿ, ಕೈ ಹೋಗೈತೆ, ಕಣ್ಣು ಐತೆ. ನೀನು ಕುಯ್ಯಿ, ನಾನು ನೋಡ್ತೀನಿ" ಅಂದರು.

ಹಾಗೆ ಶುರುವಾಯಿತು. ವಾರದಲ್ಲಿ ಮೂರ್ನಾಲ್ಕು ದಿನ ಶಿರಾ, ಉಳಿದ ದಿನ ಮನೆಯಲ್ಲೇ ಊಟದ ಮೇಜಿನ ಮೇಲೆ ಕೆಲಸ. ಊಟ ನೆಲದ ಮೇಲೆ.

ನಿನಗೆ ಇದು ಆಟ ಅನ್ನಿಸಬಹುದು. ಪಕ್ಕದ ಮನೆ ಜಗದಾಂಬನಿಗೂ ಹಾಗೇ ಅನ್ನಿಸಿತ್ತು, ಮೊಮ್ಮಗುವಿಗೆ ಮಾಡ್ತಿದ್ದೀರಾ ಅಂತ ಕೇಳಿದಳು. ನನಗೇ ಅಂದೆ.

ಅಮೆರಿಕದ ಲಾರಿಯಲ್ಲಿ ಡ್ರೈವರು ಎಂಜಿನ್ನಿನ ಹಿಂದೆ ಕೂರ್ತಾನೆ, ಅದಕ್ಕೇ ಅಷ್ಟುದ್ದ ಮೂತಿ. ನಮ್ಮ ಲಾರಿಯಲ್ಲಿ ಎಂಜಿನ್ನಿನ ಮೇಲೇ ಕೂರೋದು. ಬೇಸಿಗೆಯಲ್ಲಿ ಕಾಲು ಬೇಯುತ್ತಿತ್ತಲ್ಲ, ಅದೇ. ಮೊದಲು ಮೂತಿ ಕತ್ತರಿಸಬೇಕು. ಹ್ಯಾಕ್ಸಾ ಬ್ಲೇಡು ಇಟ್ಟು ನಿಧಾನಕ್ಕೆ ಕುಯ್ದೆ. ಮೂತಿ ಬಿದ್ದ ಮೇಲೆ ಕ್ಯಾಬಿನ್ನನ್ನು ಮುಂದಕ್ಕೆ ತಳ್ಳಿ, ಮುಂದಿನ ಚಕ್ರದ ಮೇಲೆ ಎತ್ತಿ ಕೂರಿಸುವಾಗ ಒಂದು ಕಡೆ ಸೀಳಿ ಹೋಯಿತು. ಸಂಘದವರಿಂದ ಇನ್ನೊಂದು ಡಬ್ಬ ತರಿಸಬೇಕಾಯಿತು. ಒಳ್ಳೇದೇ ಆಯಿತು, ಎರಡನೇ ಡಬ್ಬದ ಚಕ್ರಗಳೆಲ್ಲ ಟ್ರೈಲರಿಗೆ ಬಂದವು. ಚಪ್ಪಟೆ ಮುಖವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸದಾಗಿ ಕಟ್ಟಿದೆ. ಹೊಗೆ ಕೊಳವೆ ಕಿತ್ತೆ, ಮಲಗುವ ಕೋಣೆ ಅರ್ಧಕ್ಕೆ ಕುಯ್ದೆ. ಮುಂದಿನ ಗಾಜಿಗೆ ನೀರಿನ ಬಾಟಲಿಯ ಸಮವಾದ ಭಾಗ ಕತ್ತರಿಸಿಕೊಂಡೆ. ಅಂಟಿಸೋದು, ಪುಟ್ಟಿ ತುಂಬೋದು, ಒಣಗಿದ ಮೇಲೆ ಎಮರಿ ಪೇಪರಿನಲ್ಲಿ ತಿಕ್ಕೋದು. ತಿಕ್ಕಿ ತಿಕ್ಕಿ ಬೆರಳಿನ ಗೆರೆ ಹೋಗಿ ರೇಷನ್ ಅಂಗಡಿಯ ಮೆಷಿನ್ನು ನನ್ನನ್ನು ನಾನಲ್ಲ ಅಂದಿತು.

ಎಲ್ಲಕ್ಕಿಂತ ಕಷ್ಟ ಕೊಟ್ಟಿದ್ದು ಸ್ಟೀರಿಂಗು. ಅಮೆರಿಕದವರದು ಎಡಗಡೆ. ಬರೀ ಚಕ್ರ ಕಿತ್ತು ಈ ಕಡೆ ಇಟ್ಟರೆ ಮುಗಿಯಲ್ಲ, ಮೀಟರುಗಳಿರುವ ಹಲಗೆ, ಕ್ಲಚ್ಚು, ಬ್ರೇಕು, ಸೀಟು ಎಲ್ಲ ಆ ಕಡೆಗೇ ಅಚ್ಚಾಗಿ ಬಂದಿರುತ್ತವೆ. ಹಲಗೆಯನ್ನು ನಡುವೆ ಕುಯ್ದು ಆ ತುಂಡು ಈ ಕಡೆ, ಈ ತುಂಡು ಆ ಕಡೆ ಮಾಡಿದೆ. ಸಂದಿ ಕಾಣುತ್ತಿತ್ತು. ಕಿತ್ತು ಮತ್ತೆ ಮಾಡಿದೆ. ಬಾಗಿಲು ಮುಚ್ಚಿದ ಮೇಲೆ ಯಾರು ನೋಡ್ತಾರೆ ಬುಡು ಅಂತ ಹಬೀಬ್ ಸಾಬರೇ ಅಂದರು. ನಾನು ಬಿಡಲಿಲ್ಲ. ಕೊನೆಗೆ ಸ್ಟೀರಿಂಗು ಬಲಗಡೆಗೆ ಬಂದು ಕೂತಾಗ ನನಗೆ ನಿಜವಾಗಲೂ ಎಡಗಾಲು ಕ್ಲಚ್ಚು ಹುಡುಕಿತು ಲೋಹಿತಾ.

ಆ ಟ್ರಾನ್ಸ್‌ಫಾರ್ಮರ್ ಹೋದಾಗ ನೀನು ತುಮಕೂರಿನ ಹಾಸ್ಟೆಲಿನಲ್ಲಿದ್ದೆ. ಮಧುಗಿರಿಯಿಂದ ಪಾವಗಡಕ್ಕೆ ಬಸ್ಸಿನಲ್ಲಿ ಹೋಗೋ ದಾರಿ ಅಷ್ಟೇ ಅಂದುಕೋತಾರೆ. ಹಿಂದೆ ಮನೆಯಷ್ಟು ತೂಕ ಕಟ್ಟಿಕೊಂಡು ಹೋಗಿ ನೋಡಬೇಕು. ನಡೆಯುವವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಹೊರಡುವ ಮುಂಚೆ ನಿಮ್ಮಪ್ಪ ಕೀಲಿಕೈ ನನ್ನ ಕೈಗೆ ಕೊಟ್ಟರು. "ಮುಂದೆ ನಡೆದು ದಾರಿ ನೋಡೋಕೆ ನಾನು. ಸ್ಟೀರಿಂಗಿಗೆ ನೀನು. ನಿನ್ನ ಕಾಲು ಕ್ಲಚ್ ಮೇಲೆ ಹಗೂರ ಕಣೆ" ಅಂದರು. ಅವರು ಕೆಂಪು ಬಟ್ಟೆ ಹಿಡಿದು ಮುಂದೆ ನಡೆದರು, ಅಡ್ಡ ಬಂದ ಕರೆಂಟು ತಂತಿಗಳನ್ನು ಬಿದಿರು ಗಳದಲ್ಲಿ ಎತ್ತಿಸಿದರು. ಮಿಡಿಗೇಶಿಯ ತಿರುವಿನಲ್ಲಿ ಹಿಂದಿನ ಚಕ್ರ ಚರಂಡಿಯ ಅಂಚಿಗೆ ಬಂದಾಗ ಜನ ಎಲ್ಲ ಕೂಗಾಡಿದರು. ನಾನು ಕನ್ನಡಿಯಲ್ಲಿ ನಿಮ್ಮಪ್ಪನ ಕೈ ಒಂದನ್ನೇ ನೋಡಿಕೊಂಡು ತಿರುಗಿಸಿದೆ. ಪಾವಗಡದಲ್ಲಿ ಹಾರ ಹಾಕುವಾಗ ಅವರು ರಸ್ತೆಯಲ್ಲಿ ನಿಂತಿದ್ದರು, ನಾನು ಮೇಲೆ ಕ್ಯಾಬಿನ್ನಿನಲ್ಲಿದ್ದೆ. ಪೇಪರಿನ ಫೋಟೋದಲ್ಲಿ ಅವರೊಬ್ಬರೇ ಬಂದರು. ಅವರು ಎಲ್ಲರಿಗೂ ಹೇಳುತ್ತಿದ್ದರು, ಓಡಿಸಿದ್ದು ನಮ್ಮ ಮಂಗಳಾ ಅಂತ. ಹೇಳುವವರು ಹೋದ ಮೇಲೆ ಫೋಟೋ ಒಂದೇ ಉಳಿಯಿತು.

ಲಾರಿಗೆ ಬಣ್ಣ ಆದ ಮೇಲೆ ಡ್ರೈವರನ್ನು ಮಾಡಿದೆ. ಪುಟ್ಟಿಯಲ್ಲೇ, ಹೆಬ್ಬೆರಳಿನ ಉದ್ದಕ್ಕಿಂತ ಸ್ವಲ್ಪ ಜಾಸ್ತಿ. ಸೀರೆ, ಅದರ ಮೇಲೆ ನಿಮ್ಮಪ್ಪನ ಖಾಕಿ ಶರ್ಟು, ತುರುಬು. ಮುಂದೆ ರಸ್ತೆಯಲ್ಲಿ ಕೆಂಪು ಬಟ್ಟೆ ಹಿಡಿದು ನಿಂತ ನಿಮ್ಮಪ್ಪ. ಅವರ ಮೀಸೆ ಸರಿಯಾಗಲು ಮೂರು ಸಲ ಮಾಡಿದೆ.

ನಂದೀಶ್ವರಯ್ಯನವರು ನೋಡಲು ಶಿರಾಕ್ಕೆ ಬಂದರು. ಲಾರಿ ನೋಡಿ ಬಾಯಿ ತುಂಬ ಹೊಗಳಿದರು. ಆಮೇಲೆ ಬಗ್ಗಿ ಕ್ಯಾಬಿನ್ನಿನೊಳಗೆ ನೋಡಿದರು. ನಿನ್ನ ಗಂಡ ಚಂದ್ರಶೇಖರನ ನೆನಪಿಗೆ ಅಂತ ಮಾಡಿಸಿದ್ದು, ಅವನನ್ನು ರಸ್ತೆಯಲ್ಲಿ ನಿಲ್ಲಿಸಿದರೆ ಹೆಂಗೆ, ಅವನು ಸ್ಟೀರಿಂಗಿಗೆ ಬರಲಿ, ನೀನು ಪಕ್ಕದಲ್ಲಿ ಕೂತಂಗೆ ಮಾಡು ಅಂದರು. ಹಾಗೆ ನಡೆಯಲಿಲ್ಲವಲ್ಲ ಅಂದೆ. ಜನ ಒಪ್ಪಬೇಕಲ್ಲಮ್ಮ ಅಂದರು. ಜನ ಅವತ್ತು ರಸ್ತೆ ಪಕ್ಕದಲ್ಲೇ ನಿಂತಿದ್ದರು, ಹೋಗಿ ಕೇಳಿ ಅಂದೆ. ಅವರು ತಲೆ ಆಡಿಸುತ್ತ ಹೋದರು. ಒಪ್ಪಿದರು ಅಂದುಕೊಂಡೆ. ಪೂಜೆಯ ಹಿಂದಿನ ದಿನ ಸಂಘದವರ ಗಾಡಿಯಲ್ಲೇ ಮಾದರಿ ಕಳಿಸಿಕೊಟ್ಟೆ.

ಆಯುಧಪೂಜೆ ದಿನ ಹಬೀಬ್ ಸಾಬರನ್ನೂ ಕರೆದುಕೊಂಡು ಹೋದೆ. ಹೊಸ ಕಟ್ಟಡದ ಮುಂದೆ ಲಾರಿಗಳೆಲ್ಲ ಬಾಳೆಕಂದು ಕಟ್ಟಿಕೊಂಡು ನಿಂತಿದ್ದವು. ಗಾಜಿನ ಪೆಟ್ಟಿಗೆಗೂ ಹೂವಿನ ಹಾರ. ಹತ್ತಿರ ಹೋಗಿ ನೋಡಿದೆ. ಸ್ಟೀರಿಂಗಿನ ಹಿಂದೆ ಯಾವುದೋ ಆಟಿಕೆಯಿಂದ ಕಿತ್ತು ತಂದ ಮೀಸೆ ಗೊಂಬೆ. ಅದು ದೊಡ್ಡದು, ತಲೆ ಸೂರಿಗೆ ತಾಗಿ ಕತ್ತು ವಾಲಿತ್ತು. ಅದನ್ನು ತುರುಕುವಾಗ ಮುಂದಿನ ಗಾಜು ಸೀಳಿದ್ದಾರೆ. ರಸ್ತೆಯಲ್ಲಿ ನಿಂತಿದ್ದ ನಿಮ್ಮಪ್ಪನೂ ಇಲ್ಲ.

ಕಿರುಚಲಿಲ್ಲ ಕಣಮ್ಮ. ಅಧ್ಯಕ್ಷರ ಹತ್ತಿರ ಹೋಗಿ, "ನಮ್ಮಿಬ್ಬರನ್ನ ಎಲ್ಲಿಟ್ಟಿದ್ದೀರಿ?" ಅಂತ ಕೇಳಿದೆ.

ಅವರು ಕಾರ್ಯದರ್ಶಿ ರೇಣುಕಪ್ರಸಾದನ ಮುಖ ನೋಡಿದರು. ಅವನು ಮೇಜಿನ ಡ್ರಾ ಎಳೆದ. ರಬ್ಬರ್ ಸ್ಟಾಂಪು, ಊದುಬತ್ತಿ ಪೊಟ್ಟಣದ ಜೊತೆ ನಾನೂ ನಿಮ್ಮಪ್ಪನೂ ಬಿದ್ದಿದ್ದೆವು. ನನ್ನ ಒಂದು ಕೈ ಮುರಿದಿತ್ತು. ಇಬ್ಬರನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಗಾಜಿನ ಪೆಟ್ಟಿಗೆ ತೆಗೆದು, ಹಾರ ಪಕ್ಕಕ್ಕಿಟ್ಟು, ಲಾರಿ ಎತ್ತಿಕೊಂಡೆ. ಮೀಸೆ ಗೊಂಬೆಯನ್ನು ಎಳೆದು ಮೇಜಿನ ಮೇಲೆ ಕೂರಿಸಿದೆ.

"ಪೂಜೆ ಹೊತ್ತಲ್ಲಿ ಇದೇನಮ್ಮ? ಡಬ್ಬ ಸಂಘದ್ದು" ಅಂದರು ನಂದೀಶ್ವರಯ್ಯನವರು.

"ಡಬ್ಬ ಸಂಘದ್ದೇ, ವಾಪಸ್ ಕಳಿಸ್ತೀನಿ. ಲಾರಿ ನಂದು. ಸ್ಟೀರಿಂಗಿಗೆ ಯಾರನ್ನ ಕೂರಿಸಿದ್ರೋ ಅವರ ಕೈಲೇ ಇನ್ನೊಂದು ಮಾಡಿಸ್ಕೊಳ್ಳಿ" ಅಂದೆ.

ಯಾರೂ ಅಡ್ಡ ಬರಲಿಲ್ಲ. ಪಾವಗಡದ ಕಡೆಯ ಹಳೇ ಡ್ರೈವರು ಚಿಕ್ಕನರಸಯ್ಯ, ಅವತ್ತು ಬಿದಿರು ಗಳ ಹಿಡಿದವನು, ಬಾಗಿಲಲ್ಲಿ ನಿಂತಿದ್ದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಅಕ್ಕ ಓಡಿಸಿದ್ದು ನಾ ನೋಡಿವ್ನಿ" ಅಂದ. ಮೆಲ್ಲಗೇ ಅಂದ, ಆದರೆ ಅಂದ. ನಾನೂ ಹಬೀಬ್ ಸಾಬರೂ ಲಾರಿ ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಶಿರಾಕ್ಕೆ ಹೋದೆವು. ಶೆಡ್ಡಿಗೆ ಬಂದ ಮೇಲೆ ಅವರು ಪುಟ್ಟಿ ಡಬ್ಬ ತೆಗೆದು ನನ್ನ ಮುಂದೆ ಇಟ್ಟರು, ಅಷ್ಟೇ.

ಕೈ ಅಂಟಿಸಿದೆ. ಗಾಜು ಹೊಸದು ಹಾಕಿದೆ. ಈಗ ಲಾರಿ ಹಬೀಬ್ ಸಾಬರ ಶೆಡ್ಡಿನ ಮುಂದಿನ ಕಪಾಟಿನಲ್ಲಿದೆ, ಹೈವೇ ಕಡೆಗೆ ಮುಖ ಮಾಡಿಕೊಂಡು. ಟೈರಿಗೆ ಗಾಳಿ ಹಾಕಿಸಲು ನಿಲ್ಲಿಸಿದವರು ಬಗ್ಗಿ ನೋಡುತ್ತಾರೆ, ಒಳಗೆ ಹೆಂಗಸು ಇದ್ದಾಳಲ್ಲ ಅಂತ ಕೇಳುತ್ತಾರೆ, ಹಬೀಬ್ ಸಾಬರು ನನ್ನ ಹೆಸರು ಹೇಳುತ್ತಾರೆ. ಸಂಘದ ಡಬ್ಬಗಳನ್ನೂ ಕಳಿಸಿದೆ. ಕತ್ತರಿಸಿದ ಉದ್ದ ಮೂತಿ, ಹೊಗೆ ಕೊಳವೆ, ಅರ್ಧ ಮಲಗುವ ಕೋಣೆ ಎಲ್ಲ ಒಳಗೇ ಇಟ್ಟು ಕಟ್ಟಿದ್ದೀನಿ, ಒಂದೂ ನನ್ನ ಹತ್ತಿರ ಇಟ್ಟುಕೊಂಡಿಲ್ಲ.

ಮೊನ್ನೆ ನಂದೀಶ್ವರಯ್ಯನವರು ಹೇಳಿಕಳಿಸಿದ್ದರು. ಗೊಂಬೆ ಹೆಂಗಿದ್ದರೂ ಸರಿ, ಮಾದರಿ ವಾಪಸ್ ಕೊಡು, ಖಾಲಿ ಪೆಟ್ಟಿಗೆ ನೋಡಿ ಎಲ್ಲರೂ ಕೇಳ್ತಾರೆ ಅಂತ. ಪೆಟ್ಟಿಗೆಯ ಕೆಳಗೆ ಬೋರ್ಡು ಬರೆಸಿ, ಓಡಿಸಿದವಳು ಸರ್ವಮಂಗಳಾ, ದಾರಿ ತೋರಿಸಿದವರು ಚಂದ್ರಶೇಖರ್ ಅಂತ, ಬೋರ್ಡು ಒಣಗಿದ ದಿನ ನಾನೇ ತಂದು ಇಡ್ತೀನಿ ಅಂದಿದ್ದೀನಿ. ಬರೆಸದಿದ್ದರೆ ಪೆಟ್ಟಿಗೆ ಖಾಲಿ ಇರಲಿ. ನನಗೇನೂ ಆತುರವಿಲ್ಲ.

ದೀಪಾವಳಿಗೆ ನೀನೂ ಅಳಿಯ ಗೌರೀಶನೂ ಬನ್ನಿ. ಊಟದ ಮೇಜು ಖಾಲಿಯಾಗಿದೆ, ನಿಮ್ಮನ್ನು ನೆಲದ ಮೇಲೆ ಕೂರಿಸಲ್ಲ. ಪಾಪುವಿಗೆ ನೆಗಡಿ ಅಂದಿದ್ದೆ, ತಣ್ಣೀರಲ್ಲಿ ಆಡೋಕೆ ಬಿಡಬೇಡ. ನೀನೂ ಹೊತ್ತಿಗೆ ಸರಿಯಾಗಿ ತಿನ್ನು. ನಿಮ್ಮಪ್ಪನ ಆಯುಸ್ಸಿನಲ್ಲಿ ಉಳಿದದ್ದೆಲ್ಲ ನಿಮ್ಮಿಬ್ಬರಿಗೂ ಮಗುವಿಗೂ ಬರಲಿ.

ನಿನ್ನ ಅಮ್ಮ,
ಸರ್ವಮಂಗಳಾ

ಮರೆತಿದ್ದೆ ಅಂತ ಬರೆಯಬಹುದಿತ್ತು, ಮರೆತಿಲ್ಲ: ಯುಗಾದಿಗೆ ನಿಮ್ಮ ಮನೆಗೆ ಬಂದಿದ್ದಾಗ ನಾನು ಅಡುಗೆಮನೆಯಲ್ಲಿ ಒಬ್ಬಟ್ಟಿಗೆ ಹೂರಣ ತುಂಬುತ್ತಿದ್ದೆ. ನಡುಮನೆಯಲ್ಲಿ ನಿಮ್ಮತ್ತೆ ಕಡೆಯ ನೆಂಟರು, ನಿಮ್ಮಮ್ಮ ಲಾರಿ ಓಡಿಸ್ತಿದ್ದರಂತೆ ನಿಜವಾ ಅಂತ ಕೇಳಿದರು. ನೀನು ನಕ್ಕೆ. "ಅಯ್ಯೋ ಇಲ್ಲ, ಅಪ್ಪನಿಗೆ ಅಡುಗೆ ಮಾಡಿಹಾಕೋಕೆ ಜೊತೆಗೆ ಹೋಗ್ತಿದ್ರು" ಅಂದೆ. ತಲೆನೋವು ಅಂತ ಸುಳ್ಳು ಹೇಳಿ ಸಂಜೆ ಬಸ್ಸಿಗೇ ಬಂದುಬಿಟ್ಟೆ. ಬೇಸಿಗೆ ರಜೆಯಲ್ಲಿ ನನ್ನ ಸೀಟಿನ ಹಿಂದೆ ಮಲಗಿಕೊಂಡು ಹುಬ್ಬಳ್ಳಿವರೆಗೂ ಬಂದವಳು ನೀನು. ಗೇರು ಬದಲಿಸುವಾಗ ನನ್ನ ಕೈ ಮೇಲೆ ಕೈ ಇಟ್ಟು ನಾನೂ ಓಡಿಸ್ತಿದ್ದೀನಿ ಅಂತ ಕುಣಿದವಳು. ಸಂಘದವರಿಂದ ಲಾರಿ ಕಿತ್ತುಕೊಂಡು ಬಂದೆ. ನಿನ್ನ ಬಾಯಿಂದ ಆ ಮಾತು ನಾನು ಕಿತ್ತುಕೊಳ್ಳೋಕಾಗಲ್ಲ, ನೀನೇ ವಾಪಸ್ ತಗೋಬೇಕು. ದೀಪಾವಳಿಗೆ ಬರುವಾಗ ನಿಮ್ಮತ್ತೆಯನ್ನೂ ಕರೆದುಕೊಂಡು ಬಾ. ಶಿರಾಕ್ಕೆ ಹೋಗೋಣ. ಲಾರಿ ಒಳಗೆ ಕೂತಿರೋದು ಯಾರು ಅಂತ ಅವರು ಕೇಳ್ತಾರೆ. ನಾನು ಸುಮ್ಮನೆ ನಿಂತಿರ್ತೀನಿ.