ನೀರಾನೆಗೆ ತುತ್ತು

ಅತ್ತೆಯವರಿಗೆ ಸೊಸೆಯ ನಮಸ್ಕಾರ.

ಒಂದು ಪುಸ್ತಕಕ್ಕಾಗಿ ಇಲ್ಲಿನ ಮೃಗಾಲಯದ ಪ್ರಾಣಿಗಳು ಮೇವು ತಿನ್ನುವುದನ್ನು ನಿಮ್ಮ ಮಗ ಫೋಟೊ ತೆಗೆಯುತ್ತಾರೆ, ನಾನು ಚಿತ್ರ ಬರೆಯುತ್ತೇನೆ. ಪುಸ್ತಕದ ಮುಖಪುಟಕ್ಕೆ ನೀರಾನೆ ಬಾಯಿ ತೆರೆದದ್ದು ಇವತ್ತೇ ಬೇಕಿತ್ತು. ಅದೋ, ಎದುರಿಗಿಟ್ಟ ಕುಂಬಳಕಾಯಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕೊನೆಗೆ ಇವರು ಬೇಲಿಗೆ ಆತುಕೊಂಡು, "ಆ ಅನ್ನು ರಾಜಾ, ಒಂದೇ ತುತ್ತು" ಎಂದು ತಾವೇ ಅಗಲವಾಗಿ ಬಾಯಿ ತೆರೆದು ತೋರಿಸಿದರು. ನೀರಾನೆ ನಿಧಾನವಾಗಿ ಬೆನ್ನು ತಿರುಗಿಸಿತು.

"ಸಾರ್, ಬಾಯಿ ಮುಚ್ಕೊಳ್ಳಿ!" ಎಂದು ಮೇವು ಹಾಕುವಾತ ಕೂಗುವಷ್ಟರಲ್ಲಿ ಅದು ಬಾಲ ಬೀಸಿ ಇವರ ಮೈತುಂಬ ಲದ್ದಿ ಎರಚಿಬಿಟ್ಟಿತ್ತು.

ಇವರು ಕ್ಯಾಮೆರಾ ಒರೆಸುತ್ತಿದ್ದಾಗ ನೀರಾನೆ ಕುಂಬಳಕಾಯಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಿತು. ನಾನು ನಗುನಗುತ್ತಲೇ ಆ ತೆರೆದ ಬಾಯಿಯ ಚಿತ್ರ ಬರೆದುಕೊಂಡೆ. ಮುಖಪುಟಕ್ಕೆ ನನ್ನ ಚಿತ್ರವೇ!

ಇವರು ಆರೋಗ್ಯವಾಗಿದ್ದಾರೆ, ಮತ್ತೆ ಸ್ನಾನಕ್ಕೆ ಹೋಗಿದ್ದಾರೆ. ಹೊರಗೆ ಬರುವುದರೊಳಗೆ ಇದನ್ನು ಅಂಚೆಗೆ ಹಾಕಿ ಬರುತ್ತೇನೆ.

ನಿಮ್ಮ ಸೊಸೆ