ಹಳ್ಳದ ನಡುವೆ ಬ್ರೇಕು

ಗುಂಜಿ
೧೮ ನವೆಂಬರ್ ೨೦೦೧

ಪ್ರೀತಿಯ ಅನುರಾಧಾಳಿಗೆ,

ನಿನ್ನ ಪ್ರಮಿಳಾ ಮಾಡುವ ನಮಸ್ಕಾರ. ಗಣೇಶ ಚೌತಿಗೆ ಬಂದ ನಿನ್ನ ಕಾಗದಕ್ಕೆ ದೀಪಾವಳಿ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಮುಂದೆ ಓದು. ಮಳೆಗಾಲದಲ್ಲಿ ಅಂಚೆ ಡಬ್ಬಿಯವರೆಗೂ ಹೋಗಲಾಗಲಿಲ್ಲ ಎಂದು ನೆಪ ಹೇಳಬಹುದಿತ್ತು. ಖರೇ ಹೇಳುತ್ತೇನೆ, ನಿನ್ನ ಪ್ರಶ್ನೆಗೆ ಹೆದರಿದ್ದೆ. ನನ್ನ ತಮ್ಮ ಬಾಳೇಶ ನಿನ್ನನ್ನು ಮದುವೆಯಾಗಲು ಯಾಕೆ ಒಲ್ಲೆನೆಂದ, ನಿನ್ನ ಕಾಲು ನೋಡಿಯೇ ಎಂದು ಕೇಳಿದ್ದೀಯ. ತಡಿ, ಅಲ್ಲಿಗೂ ಬರುತ್ತೇನೆ. ಅದಕ್ಕೂ ಮುಂಚೆ ಒಂದು ಜಗಳದ ಸುದ್ದಿ ಕೇಳು.

ಬೆಳಗಾವಿಯಲ್ಲಿ ಹೊಲಿಗೆ ಕಲಿಯುವಾಗ ಒಂದೇ ಶಿಬಿರದಲ್ಲಿ ನಮ್ಮಿಬ್ಬರಿಗೂ ಕೈಯಿಂದ ತಿರುಗಿಸುವ ಮೂರುಗಾಲಿ ಸೈಕಲ್ಲು ಕೊಟ್ಟರಲ್ಲ. ನಿನ್ನದು ಅನಗೋಳದಿಂದ ಕೋಟೆ ಹತ್ತಿರದ ನಿನ್ನ ಎಸ್‌ಟಿಡಿ ಬೂತಿಗೆ ದಿನಾ ಓಡುತ್ತದೆ. ನನ್ನದರ ಮೇಲೆ ಕೋಳಿಗಳು ಮಲಗುತ್ತವೆ. ಇಬ್ಬರಿಗೂ ಬಡಿದದ್ದು ಅದೇ ಪೋಲಿಯೊ, ಸರ್ಕಾರವೂ ಅದೇ, ಜಿಲ್ಲೆಯೂ ಅದೇ. ಆದರೆ ರೈಲು ಹತ್ತಿ ಗುಂಜಿಯಲ್ಲಿ ಇಳಿಯುವಷ್ಟರಲ್ಲಿ ನಾನು ಬೇರೆಯೇ ಹೆಂಗಸಾಗಿಬಿಡುತ್ತೇನೆ. ಅಲ್ಲಿ ನಿನಗೆ ಬೂತು ಕೊಟ್ಟರು, ಅದರ ಮುಂದೆ ಗಾಲಿ ಏರಲು ಇಳಿಜಾರು ಕಟ್ಟಿಸಿದರು. ಇಲ್ಲಿ ಏನು ಕೇಳಿದರೂ ಖಾನಾಪುರಕ್ಕೆ ಹೋಗು ಎನ್ನುತ್ತಾರೆ, ಖಾನಾಪುರದಲ್ಲಿ ಕೇಳಿದರೆ ಬೆಳಗಾವಿಗೆ ಹೋಗು ಎನ್ನುತ್ತಾರೆ. ನಾನು ಕೇಳುತ್ತಿರುವುದೇ ಹೋಗುವುದಕ್ಕೊಂದು ದಾರಿ!

ನಮ್ಮ ಓಣಿಗೂ ಸ್ಟೇಷನ್ನಿಗೂ ನಡುವೆ ಒಂದು ಹಳ್ಳ ಇದೆ, ಅದರ ತುಂಬ ಗುಂಡುಕಲ್ಲು. ಸೈಕಲ್ಲು ಅಲ್ಲಿ ಒಂದು ಸುತ್ತೂ ಉರುಳುವುದಿಲ್ಲ. ಹಾಗಂತ ಊರಿನವರು ಕೆಟ್ಟವರಲ್ಲ. ನಡೆಯಲಾರದ ಎಳೆಯ ಮರಿಯನ್ನು ನಮ್ಮ ಕುರುಬರು ಕಂಬಳಿಯ ಮಡಿಕೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಾರಲ್ಲ, ನನ್ನನ್ನೂ ಹಾಗೆಯೇ ಹೊರುತ್ತಾರೆ. ಹೆಚ್ಚಾಗಿ ಬಾಳೇಶ, ಅವನು ಕುರಿ ಹಿಂದೆ ಹೋದಾಗ ಓಣಿಯವರು. ಯಾರೂ ಮುಖ ಸಿಂಡರಿಸಿದ್ದಿಲ್ಲ. ಆದರೆ ಅವರಿಗೆ ಪುರಸೊತ್ತಾದಾಗ ನಾನು ಹೊರಡಬೇಕು, ಅವರಿಗೆ ಅವಸರವಾದಾಗ ಮರಳಬೇಕು. ಪಂಚಾಯ್ತಿ ಅಧ್ಯಕ್ಷ ದುಂಡಪ್ಪ ಕಾಕಾನ ಹತ್ತಿರ ಹಳ್ಳಕ್ಕೆ ದಾರಿ ಮಾಡಿಸಿ ಎಂದು ಕೇಳಿದರೆ, "ನಿನಗ್ಯಾಕ ರಸ್ತಾ ಬೇಕವಾ ತಂಗಿ? ಊರ ತುಂಬ ಹೆಗಲು ಅದಾವಲ್ಲ!" ಎಂದು ನಕ್ಕ. ಪ್ರೀತಿಯಿಂದಲೇ ನಕ್ಕ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಹೋದ ತಿಂಗಳು ಊರಿಗೆ ಏನೇನು ಕೆಲಸ ಆಗಬೇಕೆಂದು ನೋಡಲು ಖಾನಾಪುರದಿಂದ ಸಾಹೇಬರು ಬಂದರು. ಅವತ್ತು ಬೆಳಿಗ್ಗೆ ಓಣಿಯವರು ಕೋಳಿ ಓಡಿಸಿ ನನ್ನ ಸೈಕಲ್ಲು ತೊಳೆದರು, ಚೆಂಡುಹೂವಿನ ಮಾಲೆ ಹಾಕಿದರು. ಹಳ್ಳ ತೋರಿಸಲು ಕರೆದೊಯ್ಯುತ್ತಾರೆಂದು ನಾನೂ ಹೊಸ ಸೀರೆ ಉಟ್ಟು ಹತ್ತಿ ಕೂತೆ. ಹಳ್ಳ ಬಂದದ್ದೇ ತಡ, ನಾಲ್ವರು ಗಂಡಸರು ಸೈಕಲ್ಲನ್ನು ನನ್ನ ಸಮೇತ ಹೆಗಲಿಗೇರಿಸಿದರು! ಹಿಂದೆ ಸಾಹೇಬರ ಜೀಪು, ಮುಂದೆ ನನ್ನ ಮೆರವಣಿಗೆ.

"ನೋಡ್ರಿ ಸಾಹೇಬ್ರ, ನಮ್ಮೂರಾಗ ಈಕಿ ಗಾಡಿ ನೆಲಾ ಮುಟ್ಟಾಂಗಿಲ್ರಿ!" ಎಂದ ದುಂಡಪ್ಪ ಕಾಕಾ. ನನಗೂ ಖುಷಿಯಾಗುತ್ತದೆಂದೇ ಆ ಪುಣ್ಯಾತ್ಮರು ತಿಳಿದಿದ್ದರು.

ಸಾಹೇಬರು ಚಪ್ಪಾಳೆ ತಟ್ಟಿದರು. "ಇಂಥಾ ಊರಿಗೆ ರಸ್ತಾ ಯಾಕ್ರಿ? ಬ್ಯಾರೆ ಊರವರು ಬಂದು ನಿಮ್ಮನ್ನ ನೋಡಿ ಕಲೀಬೇಕು."

ನನಗೆ ಮೈಯೆಲ್ಲ ಉರಿದುಹೋಯಿತು. "ಇಳಸ್ರಿ" ಎಂದೆ. ಆ ದಂಡೆಗೆ ಹೋಗಿ ಇಳಿಸುತ್ತೇವೆ ಎಂದರು. "ಇಲ್ಲೇ ಇಳಸ್ರಿ, ಇಲ್ಲಾಂದ್ರ ಜಿಗೀತೀನಿ!" ಹೆದರಿ ಇಳಿಸಿದರು, ಹಳ್ಳದ ನಟ್ಟನಡುವೆ. ಬ್ರೇಕು ಎಳೆದು ಕೂತೆ. ಜೀಪಿಗೆ ಆ ಕಲ್ಲು ಲೆಕ್ಕಕ್ಕಿಲ್ಲ, ಆದರೆ ನನ್ನನ್ನು ದಾಟಿ ಹೋಗಲು ಅಲ್ಲಿ ಜಾಗವಿರಲಿಲ್ಲ.

"ಯಾರೂ ಮುಟ್ಟಬ್ಯಾಡ್ರಿ. ಸಾಹೇಬ್ರ, ಹೊತ್ತವರಿಗೆ ಚಪ್ಪಾಳಿ ಹೊಡದ್ರಿ. ಹೊರಿಸ್ಕೊಂಡಾಕಿನ್ನ ಒಂದ್ ಮಾತರ ಕೇಳಿದ್ರೇನು? ಬೆಳಗಾವ್ಯಾಗ ಈ ಗಾಡಿ ನಾನೇ ಓಡಸ್ತಿದ್ದೆ. ಇಲ್ಲೂ ಓಡೂ ಹಂಗ ಮಾಡ್ತೀನಂತ ಊರ ಮುಂದ ಹೇಳ್ರಿ. ಅಲ್ಲೀತನಾ ಇಲ್ಲಿಂದ ಸರಿಯಾಂಗಿಲ್ಲ."

ಅಷ್ಟರಲ್ಲಿ ಯಾರೋ ಬಾಳೇಶನನ್ನು ಕರೆತಂದರು. ಅವನು ಎಂದಿನಂತೆ ಕಂಬಳಿ ಬಿಚ್ಚಿ, ನನಗೆ ಬೆನ್ನು ಕೊಟ್ಟು ನೀರಿನಲ್ಲೇ ಕುಕ್ಕರಿಸಿದ. "ಬಾ ಅಕ್ಕಾ, ಸಾಕು."

"ಏಳೋ. ಇನ್ನ ಮ್ಯಾಲೆ ನಿನ್ನ ಬೆನ್ನು ನನಗ ಬ್ಯಾಡ" ಎಂದೆ, ಊರೆಲ್ಲ ಕೇಳುವಂತೆ.

ಅವನು ಎದ್ದು ಕಂಬಳಿ ಮಡಿಚಿಕೊಂಡು ಹೊರಟುಹೋದ. ಸಾಹೇಬರಿಗೆ ಬಿಸಿಲು ತಡೆಯದಾಯಿತು. ಜೀಪಿನಿಂದ ಇಳಿದು, ನಾನೇ ತಳ್ಳುತ್ತೇನೆ ಎಂದು ಬಂದರು. ನಾನು ಮರ್ಯಾದೆಯಿಂದ ಬ್ರೇಕು ಬಿಟ್ಟುಕೊಟ್ಟೆ. ತಳ್ಳಿದರು, ಏದುಸಿರು ಬಿಟ್ಟರು, ಕಾಲು ಜಾರಿ ಬೂಟಿನ ತುಂಬ ನೀರು ತುಂಬಿಕೊಂಡರು. ಸೈಕಲ್ಲು ಒಂದು ಗೇಣೂ ಅಲುಗಲಿಲ್ಲ. ಕೊನೆಗೆ ಒದ್ದೆ ಬೂಟಿನಲ್ಲೇ ನಿಂತು, ದಾರಿ ಮಾಡಿಸುತ್ತೇನೆ ಎಂದು ಊರ ಮುಂದೆ ಮಾತು ಕೊಟ್ಟರು.

ಕೊಟ್ಟ ಮಾತು ನಡೆಸಿದ್ದಾರೆ. ಹಳ್ಳಕ್ಕೆ ಸಿಮೆಂಟು ಪೈಪು ಬಂದಿದೆ, ದಾರಿಗೆ ಗರಸು ಮಣ್ಣು ಬಿದ್ದಿದೆ. ನಿನ್ನೆ ಪೈಪಿನವರೆಗೂ ನಾನೇ ಓಡಿಸಿಕೊಂಡು ಹೋಗಿ ಬಂದೆ. ಅಂಗೈ ಬೊಬ್ಬೆ ಎದ್ದಿದೆ, ಇರಲಿ. ಹೊತ್ತವರಿಗೆ ಅವಮಾನ ಮಾಡಿದ ಸೊಕ್ಕಿನವಳು ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಾರೆ. ಅದೇ ದಾರಿಯಲ್ಲಿ ಅವರ ನೀರಿನ ಕೊಡವೂ ಬರುತ್ತದೆ, ಆಗ ನೆನಪಾಗುತ್ತೇನೆ ಬಿಡು.

ನಿನ್ನ ಅವ್ವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಗಾಲಿಗೆ ಮುಳ್ಳು ಚುಚ್ಚದಿರಲಿ, ನಿನ್ನ ಬೂತಿಗೆ ಗಿರಾಕಿ ತಪ್ಪದಿರಲಿ. ಬೀರದೇವರು ನಿನ್ನನ್ನು ತಣ್ಣಗಿಡಲಿ.

ನಿನ್ನ
ಪ್ರಮಿಳಾ

ತಾ.ಕ.: ಬಾಳೇಶ ಅವತ್ತಿನಿಂದ ನನ್ನೊಡನೆ ಮಾತಾಡಿಲ್ಲ. ನನ್ನ ಮಾತು ಅವನಿಗೆ ಎಲ್ಲಿ ತಾಗಿತೆಂದು ಗೊತ್ತಿದ್ದೂ ಆಡಿದೆ. ಯಾಕೆಂದರೆ ನಿನ್ನನ್ನು ನೋಡಿ ಬಂದ ದಿನ ಅವನು ಅಂಗಳದಲ್ಲಿ ಗೆಳೆಯ ಬೀರಣ್ಣನಿಗೆ ಹೇಳಿದ್ದನ್ನು ನಾನು ಒಳಗಿನಿಂದ ಕೇಳಿದ್ದೆ: "ಆಕಿ ನನ್ನ ಮನಸ್ಸಿಗೆ ಬಂದಾಳೋ. ಬೆಳಗಾವ್ಯಾಗ ಯಾರ ಹಂಗಿಲ್ದ ಅಡ್ಡಾಡತಾಳ. ಇಲ್ಲಿಗೆ ತಂದ್ರ ಆಕಿನ್ನೂ ಹೊರಬೇಕಾಕ್ಕೈತಿ. ನನಗಿರೂದು ಒಂದೇ ಬೆನ್ನು. ಅಕ್ಕನ್ನ ಎಲ್ಲಿ ಇಳಸ್ಲಿ?"

ನಾನು ಇಳಿದಿದ್ದೇನೆ, ಅನು. ದಾರಿ ಸಂಕ್ರಾಂತಿಗೆ ಮುಗಿಯುತ್ತದೆ. ನಿನ್ನ ಸೈಕಲ್ಲನ್ನೂ ರೈಲಿಗೆ ಹಾಕಿಸಿಕೊಂಡು ಬಾ. ಸ್ಟೇಷನ್ನಿಗೆ ಕರೆಯಲು ನಾನೇ ಬರುತ್ತೇನೆ.